ನಾನೂರ ಹನ್ನೆರಡನೆಯ ಹಾಳೆ

ಡನ್ನಿಂಗರ ಮನೆಯಲ್ಲಿ ಕೆಲಸದ ಹುಡುಗಿ ಯಾರೇ ಆಗಿರಲಿ, ಅವಳ ಹೆಸರು ಹನ್ನಾ. ಮೊದಲು ಇದ್ದವಳು ನಿಜವಾಗಿಯೂ ಹನ್ನಾ. ಅವಳು ಮದುವೆಯಾಗಿ ಹೋದ ಮೇಲೆ ಬಂದ ಐರಿಷ್ ಹುಡುಗಿಯನ್ನೂ ಮಕ್ಕಳು ರೂಢಿಯಿಂದ ಹನ್ನಾ ಎಂದೇ ಕರೆದರು, ಮಿಸೆಸ್ ಡನ್ನಿಂಗ್ ತಿದ್ದಲಿಲ್ಲ. ಏಪ್ರನ್ನುಗಳ ಮೂಲೆಯಲ್ಲಿ ಆ ಹೆಸರಿನ ಮೊದಲ ಅಕ್ಷರವನ್ನು ಕೆಂಪು ದಾರದಲ್ಲಿ ಹೊಲಿದವಳು ನಾನೇ. ಹುಡುಗಿ ಬದಲಾದರೂ ಏಪ್ರನ್ ಬದಲಾಯಿಸಬೇಕಾಗಿರಲಿಲ್ಲ. ನಮ್ಮ ಪೋರ್ಟ್ ಆಲ್ಡನ್ನಿನ ದೊಡ್ಡ ಮನೆಗಳಲ್ಲಿ ಇದು ನಡೆದುಕೊಂಡು ಬಂದದ್ದೇ. ಬೆಟ್ಟದ ಮೇಲಿನ ಒಂದು ಮನೆಯಲ್ಲಿ ಎಲ್ಲರೂ ಮೇರಿ, ಇನ್ನೊಂದರಲ್ಲಿ ಎಲ್ಲರೂ ಬೆಟ್ಸಿ.

ಮೂರನೆಯ ಹನ್ನಾ ಬಂದದ್ದು 1869ರ ಏಪ್ರಿಲಿನಲ್ಲಿ. ನದಿಯ ಹಿಮ ಒಡೆದು ಸ್ಟೀಮರುಗಳು ಓಡಾಡಲು ಶುರುವಾದ ವಾರ. ಎತ್ತರದ ಹುಡುಗಿ, ಅಗಲವಾದ ಕೈಗಳು, ಎಡ ಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಹಳೆಯ ಗಾಯ. ನಾನು ವಾರಕ್ಕೆರಡು ದಿನ ಆ ಮನೆಗೆ ಹೊಲಿಗೆಗೆ ಹೋಗುತ್ತಿದ್ದೆ. ಅವಳು ಬಂದ ದಿನ ಅಲ್ಲೇ ಇದ್ದೆ.

“ಈ ಮನೇಲಿ ಹುಡುಗಿ ಅಂದ್ರೆ ಹನ್ನಾ. ಹೊಸ ಹೆಸರು ಕಲಿಯೋದು ಮಕ್ಕಳಿಗೆ ಕಷ್ಟ. ಆಗಬಹುದಲ್ಲ?” ಎಂದರು ಮಿಸೆಸ್ ಡನ್ನಿಂಗ್. ಕೆಟ್ಟ ಮನಸ್ಸಿನವರಲ್ಲ ಅವರು. ಹಾಸಿಗೆ, ಹೊದಿಕೆ, ಭಾನುವಾರ ಚರ್ಚಿಗೆ ಬಿಡುವು, ಯಾವುದರಲ್ಲೂ ಕಡಿಮೆ ಮಾಡಿದವರಲ್ಲ.

“ಆಗಬಹುದು ಅಮ್ಮಾವ್ರೇ,” ಎಂದಳು ಅವಳು.

ಅವಳ ಹೆಸರು ಓಸ್ಲಾ ಮ್ಯಾನ್ಸನ್. ಅದು ನನಗೆ ತಿಳಿದದ್ದು ಹದಿಮೂರು ವರ್ಷಗಳ ನಂತರ. ಆ ಹದಿಮೂರು ವರ್ಷ ನಾವಿಬ್ಬರೂ ಒಂದೇ ಅಡುಗೆಮನೆಯ ಮೇಜಿನಲ್ಲಿ ಊಟ ಮಾಡಿದ್ದೇವೆ, ಒಂದೇ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಹಾಡಿದ್ದೇವೆ. ನಾನು ಕೇಳಲಿಲ್ಲ.

ಮಿಸ್ಟರ್ ಅಮಾಸ ಡನ್ನಿಂಗ್ ಮರದ ವ್ಯಾಪಾರಿ. ಮೂರು ಸಲ ನಮ್ಮ ಊರಿನ ಮೇಯರ್ ಆದವರು. ಪುರಸಭೆಯ ಕೋಣೆ ತೇವ ಎಂದು ಮನೆಯ ಓದುವ ಕೋಣೆಯಲ್ಲೇ ಎಲ್ಲ ಕಾಗದಪತ್ರ ನಡೆಸುತ್ತಿದ್ದರು. ಒಂದು ಕಡೆ ದಿಮ್ಮಿ, ಹಲಗೆ, ತೆಪ್ಪಗಳ ಕಾಗದ. ಇನ್ನೊಂದು ಕಡೆ ಬೀದಿ, ಬಾವಿ, ಅಗ್ನಿಶಾಮಕ ಬಂಡಿಗಳ ಕಾಗದ. ಅದರ ನಡುವೆ ತಂಗಿಗೆ, ಸೋದರಳಿಯನಿಗೆ ಬರೆದದ್ದು. ಎಲ್ಲದರ ನಕಲೂ ಒಂದೇ ದಪ್ಪ ಪುಸ್ತಕದಲ್ಲಿ. ಗುಮಾಸ್ತ ಮಿಸ್ಟರ್ ಪೆಲ್ ಬೆಳಿಗ್ಗೆ ಎಂಟಕ್ಕೆ ಬಂದು ಹನ್ನೆರಡರವರೆಗೆ ಬರೆಯುತ್ತಿದ್ದರು.

ನಕಲು ತೆಗೆಯುವುದು ತೋಳಿನ ಕೆಲಸ. ಪುಸ್ತಕದ ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಅದನ್ನು ಬ್ರಷ್ಷಿನಿಂದ ತೇವ ಮಾಡಿ, ಶಾಯಿ ಹಸಿಯಿರುವ ಕಾಗದವನ್ನು ಅದಕ್ಕೆ ಮುಖ ಮಾಡಿ ಇಟ್ಟು, ಹಿಂದೆ ಮುಂದೆ ಎಣ್ಣೆ ಕಾಗದ ಹಾಕಿ, ಪುಸ್ತಕ ಮುಚ್ಚಿ ಕಬ್ಬಿಣದ ಒತ್ತುಯಂತ್ರದ ಕೆಳಗೆ ತಳ್ಳಿ ಚಕ್ರ ತಿರುಗಿಸಿ ಬಿಗಿಯಬೇಕು. ಹೆಚ್ಚು ಹೊತ್ತು ಬಿಟ್ಟರೆ ಮೂಲ ಕಲಸಿಹೋಗುತ್ತದೆ. ಕಡಿಮೆಯಾದರೆ ನಕಲು ಮೂಡುವುದಿಲ್ಲ. ತಿರುವುಮುರುವಾಗಿ ಮೂಡಿದ ಅಕ್ಷರವನ್ನು ಆ ತೆಳು ಹಾಳೆಯ ಇನ್ನೊಂದು ಮಗ್ಗುಲಿನಿಂದ ನೇರವಾಗಿ ಓದಬಹುದು. ಮಿಸ್ಟರ್ ಪೆಲ್ ಸಣಕಲು ಮನುಷ್ಯ, ಎದೆ ನೋವು ಬೇರೆ. ಹಾಗಾಗಿ ಚಕ್ರ ತಿರುಗಿಸುವುದು ಹನ್ನಾಳ ಪಾಲಿಗೆ ಬಂತು. ಅವಳಿಗೆ ಓದಲು ಬರುತ್ತಿರಲಿಲ್ಲ, ಅದೂ ಒಂದು ಅನುಕೂಲ ಎಂದು ಪೆಲ್ ಹೇಳುತ್ತಿದ್ದರು.

ಗಡಿಯಾರ ನೋಡಲೂ ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ. ಚಕ್ರ ಬಿಗಿದು, ಅದರ ಮೇಲೆ ಎರಡೂ ಕೈ ಇಟ್ಟು, ಕರ್ತನು ಕಲಿಸಿದ ಪ್ರಾರ್ಥನೆಯನ್ನು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬಲ್ಲಿಂದ ಕೊನೆಯವರೆಗೆ ಒಂದು ಸಲ ಹೇಳುತ್ತಿದ್ದಳು. ಆಮೆನ್ ಎನ್ನುತ್ತಿದ್ದಂತೆ ಚಕ್ರ ಸಡಿಲಿಸುತ್ತಿದ್ದಳು. ನಕಲು ಪ್ರತಿ ಸಲವೂ ಅಚ್ಚುಕಟ್ಟು.

“ಸ್ವಲ್ಪ ಬೇಗ ಪ್ರಾರ್ಥನೆ ಮುಗಿಸು ಮಾರಾಯ್ತಿ, ಸ್ಟೀಮರ್ ಕೂಗ್ತಾ ಇದೆ,” ಎನ್ನುತ್ತಿದ್ದರು ಪೆಲ್.

“ಬೇಗ ಹೇಳಿದ್ರೆ ಶಾಯಿ ಹಿಡಿಯಲ್ಲ ಮಿಸ್ಟರ್ ಪೆಲ್.”

“ಹಲಗೆ ಎಷ್ಟು ಅಡಿ ಬೇಕು ಅಂತ ಕೇಳೋ ಕಾಗದಕ್ಕೂ ಪರಲೋಕದಲ್ಲಿರೋ ತಂದೆ ಬೇಕಾ?”

“ನಿಮ್ಮ ಕೈಯಲ್ಲಿ ಚಕ್ರ ತಿರುಗಲ್ವಲ್ಲ, ಯಾರಾದ್ರೂ ಬೇಕೇ ಬೇಕು.”

ಪಕ್ಕದ ಕೋಣೆಯಲ್ಲಿ ಸೂಜಿ ಹಿಡಿದು ಕೂತಿದ್ದ ನನಗೂ ನಗು ಬರುತ್ತಿತ್ತು.

ಆ ಹುಡುಗಿ ನಗುವುದು ಅಷ್ಟೇ. ಮಿಕ್ಕ ಹೊತ್ತಿನಲ್ಲಿ ಅವಳ ಕಿವಿ ಬಾಗಿಲ ಕಡೆ. ಅಂಚೆಯವನಿಂದ ಚೀಲ ತೆಗೆದುಕೊಂಡು, ಕಾಗದಗಳನ್ನು ತಟ್ಟೆಯಲ್ಲಿಟ್ಟು ಮೇಯರರ ಮೇಜಿಗೆ ಒಯ್ಯುವುದು ಅವಳ ಕೆಲಸ. ಪ್ರತಿ ಕಾಗದವನ್ನೂ ಒಂದು ಕ್ಷಣ ಹಿಡಿದು ನೋಡುತ್ತಿದ್ದಳು. ಏನು ನೋಡುತ್ತೀ ಎಂದು ಒಮ್ಮೆ ಕೇಳಿದೆ.

“ಅಂಚೆಚೀಟಿ,” ಎಂದಳು. “ರಾಣಿ ಮುಖ ಇರೋದು ಬರುತ್ತಾ ಅಂತ.”

ಮೇಯರರ ಮರದ ವ್ಯಾಪಾರ ಕೆನಡಾದ ಜೊತೆಗೂ ಇತ್ತು, ಲಿವರ್‌ಪೂಲಿನ ಜೊತೆಗೂ ಇತ್ತು. ಎರಡೂ ಕಡೆ ಒಬ್ಬಳೇ ರಾಣಿ, ಅವಳ ಮುಖದ ಚೀಟಿ ತಿಂಗಳಿಗೆ ಹತ್ತು ಬರುತ್ತಿದ್ದವು. ಎಲ್ಲವೂ ಅವರಿಗೇ.

ಅವಳು ತನ್ನ ಕಥೆ ಹೇಳಿದ್ದು 1874ರ ಚಳಿಗಾಲದಲ್ಲಿ, ನಾವಿಬ್ಬರೂ ಗರಿ ತುಂಬುವ ದಿಂಬುಗಳಿಗೆ ಚೀಲ ಹೊಲಿಯುತ್ತಿದ್ದಾಗ. ಅವಳ ಅಪ್ಪ ಮೀನುಗಾರ, ಇನ್ನೂ ಐವರ ಜೊತೆ ದೋಣಿ ಮುಳುಗಿ ಹೋದ. ಮರುವರ್ಷ ಒಬ್ಬ ವ್ಯಾಪಾರಿಯ ಸಂಸಾರ ಮಗು ನೋಡಿಕೊಳ್ಳಲು ಇವಳನ್ನು ಕ್ವಿಬೆಕ್ಕಿಗೆ ಕರೆದುಕೊಂಡು ಹೋಗುತ್ತೇವೆ ಎಂದಿತು. ಅಮ್ಮ ಬೇಡವೆಂದಳು.

“ಕಡಲು ನಿಮ್ಮಪ್ಪನ್ನ ಎಳ್ಕೊಂಡು ಹೋಯ್ತು, ನೀನು ನಡ್ಕೊಂಡು ಹೋಗ್ತಾ ಇದೀಯ ಅಂದ್ಲು. ಹೊರಟ ದಿನ ಊರೆಲ್ಲ ದಡಕ್ಕೆ ಬಂದಿತ್ತು. ಅಮ್ಮ ಬರಲಿಲ್ಲ.”

ಕ್ವಿಬೆಕ್ಕಿನ ಸಂಸಾರ ಚದುರಿದ ಮೇಲೆ ಇವಳು ಕೆಲಸ ಹುಡುಕುತ್ತ ನಮ್ಮ ಊರಿಗೆ ಬಂದಳು. ಬಂದ ಮೂರನೆಯ ವರ್ಷ ಸ್ಟೀಮರ್ ಕಟ್ಟೆಯಲ್ಲಿ ಕಾಗದ ಬರೆದುಕೊಡುವ ಒಬ್ಬನಿಂದ ಅಮ್ಮನಿಗೆ ಬರೆಸಿದಳು. ಪೋರ್ಟ್ ಆಲ್ಡನ್ನಿನಲ್ಲಿ ಒಳ್ಳೆಯ ಮನೆಯಲ್ಲಿದ್ದೇನೆ, ತಪ್ಪಾಯಿತು, ಕ್ಷಮಿಸು. ಮನೆಯ ವಿಳಾಸ ಹಾಕಿಸಲಿಲ್ಲ. ಆ ವಿಳಾಸಕ್ಕೆ ಓಸ್ಲಾ ಎಂದು ಕಾಗದ ಬಂದರೆ ಅಂಚೆಯವನು ಯಾರಿಗೆ ಕೊಟ್ಟಾನು? ಉತ್ತರ ನನ್ನ ಹೆಸರಿಗೆ ತರಿಸು, ನಾನು ಕೊಡುತ್ತೇನೆ ಎಂದ ಕಟ್ಟೆಯವನು. ಬೇಸಿಗೆ ಕಳೆಯುವ ಮೊದಲೇ ಅವನು ನದಿ ಹರಿಯುವ ದಿಕ್ಕಿಗೆ ಸೇಂಟ್ ಲೂಯಿಸ್ ಕಡೆ ಹೊರಟುಹೋದ.

ಈ ವಿಳಾಸದ ಸಂಗತಿಯನ್ನು ಅವಳು ನನಗೆ ಆ ದಿನ ಹೇಳಲಿಲ್ಲ, ಬಹಳ ವರ್ಷದ ಮೇಲೆ ಹೇಳಿದಳು. ಆ ದಿನ ಹೇಳಿದ್ದು ಇಷ್ಟೇ: “ಕಾಗದ ಹಾಕಿದ್ದೆ. ಉತ್ತರ ಬರಲಿಲ್ಲ. ಅಮ್ಮಂಗೆ ಇನ್ನೂ ಸಿಟ್ಟು ಇಳಿದಿಲ್ಲ.”

ಕಡಲು, ದ್ವೀಪ ಎಂದಳು. ಕ್ವಿಬೆಕ್ಕಿನಿಂದ ಬಂದವಳಾದ್ದರಿಂದ ಅವಳು ಕೆನಡಾದ ಯಾವುದೋ ದ್ವೀಪದವಳು ಎಂದು ಮನೆಯವರಂತೆ ನಾನೂ ಅಂದುಕೊಂಡಿದ್ದೆ.

ನನಗೆ ಆಗ ಅಚ್ಚಿನ ಅಕ್ಷರ ಮಾತ್ರ ಓದಲು ಬರುತ್ತಿತ್ತು. ಬಟ್ಟೆಯ ಮೇಲೆ ಅಕ್ಷರ ಹೊಲಿದು ಹೊಲಿದು, ಅದನ್ನೇ ಬೈಬಲಿನಲ್ಲಿ ಹುಡುಕಿ ಕಲಿತದ್ದು. ಕೈಬರಹ ಕೂಡಿಬರಲು ಇನ್ನೂ ಎರಡು ಮೂರು ವರ್ಷ ಹಿಡಿಯಿತು. ಬರೆಯಲು ಬಂದ ಮೇಲೆ, “ನಾನೇ ಬರೀತೀನಿ, ಇನ್ನೊಂದು ಕಾಗದ ಹಾಕೋಣ ಹನ್ನಾ,” ಎಂದೆ.

ಅವಳು ತಲೆ ಅಲ್ಲಾಡಿಸಿದಳು. “ಬೇಡ ಕೆಜಾಯಾ. ಒಂದ್ಸಲ ಉತ್ತರ ಬರದೇ ಇದ್ದಾಗ ಹೇಗೋ ತಡ್ಕೊಂಡೆ. ಎರಡನೇ ಸಲ ಆಗಲ್ಲ.”

ಅಷ್ಟರಲ್ಲಾಗಲೇ ಉತ್ತರ ಬಂದುಹೋಗಿತ್ತು.

ಅದು 1873ರ ಅಕ್ಟೋಬರ್, ಸೋಮವಾರ. ಸೋಮವಾರ ನಮ್ಮಲ್ಲಿ ಬಟ್ಟೆ ಒಗೆಯುವ ದಿನ, ಹಾಗಾಗಿ ಮಧ್ಯಾಹ್ನಕ್ಕೆ ಭಾನುವಾರ ಉಳಿದ ತಣ್ಣನೆಯ ಮಾಂಸ, ಬ್ರೆಡ್ಡು. ಬಡಿಸುವವರಿಲ್ಲ. ನಾನು ಊಟದ ಕೋಣೆಯ ಕಿಟಕಿಯ ಬಳಿ ಕೂತು ಪರದೆಯ ಅಂಚು ಹೊಲಿಯುತ್ತಿದ್ದೆ. ಮೇಯರರು ಪೆಲ್ ಬರೆದುಕೊಟ್ಟ ಚೀಟಿಯನ್ನು ಕೈಯಲ್ಲಿ ಹಿಡಿದು ಬಂದರು. ಬಂದ ಕಾಗದಗಳನ್ನೆಲ್ಲ ಅವರು ಪೂರ್ತಿ ಓದುತ್ತಿರಲಿಲ್ಲ. ಪೆಲ್ ಒಂದೊಂದರ ಸಾರವನ್ನು ಒಂದು ಸಾಲಿನಲ್ಲಿ ಬರೆದುಕೊಡುತ್ತಿದ್ದರು. ಗಂಡ ಕಾಣೆಯಾದವರು, ಅಣ್ಣ ಕಾಣೆಯಾದವರು, ನಿಮ್ಮ ಊರಿನಲ್ಲಿದ್ದಾರೆಯೇ ನೋಡಿ ಎಂದು ಎಲ್ಲೆಲ್ಲಿಂದಲೋ ಮೇಯರರಿಗೆ ಬರೆಯುತ್ತಿದ್ದರು. ವಾರಕ್ಕೆ ಮೂರು ನಾಲ್ಕಾದರೂ ಬರುತ್ತಿದ್ದವು.

“ಲವೀನಿಯಾ, ಓಸ್ಲಾ ಮ್ಯಾನ್ಸನ್ ಅಂತ ಯಾರಾದ್ರೂ ಗೊತ್ತಾ? ಮನೆಗೆಲಸದ ಹುಡುಗಿ. ಸ್ಕಾಟ್ಲೆಂಡಿನ ಕಡೆಯವಳು. ತಾಯಿ ಹುಡುಕ್ತಾ ಇದ್ದಾಳೆ.”

“ಓಸ್ಲಾ? ಎಂಥ ಹೆಸರದು, ದೋಣಿಗೆ ಇಟ್ಟ ಹಾಗಿದೆ,” ಎಂದರು ಮಿಸೆಸ್ ಡನ್ನಿಂಗ್. “ಪಕ್ಕದ ಮನೆ ಮೇರಿ ಐರಿಷ್. ಜಡ್ಜ್ ಮನೆಯವಳು ಜರ್ಮನ್.”

“ನಮ್ಮ ಹನ್ನಾ?”

“ಹನ್ನಾ ಕೆನಡಾದವಳಲ್ವಾ.”

ಮೇಯರರು ನನ್ನ ಕಡೆ ತಿರುಗಿದರು. “ಮಿಸ್ ಕೆಜಾಯಾ, ನೀವು ಹತ್ತು ಮನೆ ಸುತ್ತುವವರು. ನೀವೆಲ್ಲಾದ್ರೂ ಈ ಹೆಸರು ಕೇಳಿದೀರಾ?”

ನಾನು ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಕಿಟಕಿಯ ಹೊರಗೆ ಹನ್ನಾ ಬಾಯಲ್ಲಿ ಎರಡು ಮರದ ಚಿಮಟ ಕಚ್ಚಿಕೊಂಡು ಹಗ್ಗದ ಮೇಲೆ ಹಾಸುಬಟ್ಟೆ ಹರಡುತ್ತಿದ್ದಳು. ಗಾಳಿಗೆ ಬಟ್ಟೆ ಅವಳ ಮುಖಕ್ಕೆ ಹೊಡೆಯುತ್ತಿತ್ತು.

“ಇಲ್ಲ ಸರ್, ಕೇಳಿಲ್ಲ,” ಎಂದೆ.

ಮರುದಿನ ಪೆಲ್ ಉತ್ತರ ಬರೆದರು. ಹನ್ನಾ ಬಂದು ಪುಸ್ತಕವನ್ನು ಯಂತ್ರಕ್ಕೆ ತಳ್ಳಿ ಚಕ್ರ ಬಿಗಿದಳು. ಕೈ ಇಟ್ಟು ಪ್ರಾರ್ಥನೆ ಹೇಳಿದಳು. ಆಮೆನ್ ಎಂದು ಸಡಿಲಿಸಿದಳು. ಆಮೇಲೆ ಶಾಲು ಹೊದ್ದು ಕಾಗದಗಳ ಚೀಲವನ್ನು ಅಂಚೆಮನೆಗೆ ಒಯ್ದಳು. ಅವಳು ಪ್ರತಿದಿನ ಮಾಡುತ್ತಿದ್ದುದು ಅದನ್ನೇ.

ಎಂಟು ವರ್ಷ ಕಳೆಯಿತು. ಮಕ್ಕಳು ದೊಡ್ಡವರಾದರು. ಪೆಲ್ ಎದೆ ನೋವಿಗೆ ಒಳ್ಳೆಯ ಗಾಳಿ ಬೇಕೆಂದು ಕೊಲೊರಾಡೊ ಕಡೆ ಹೋದರು. 1881ರ ನವೆಂಬರಿನಲ್ಲಿ ಮಿಸ್ಟರ್ ಡನ್ನಿಂಗ್ ಊಟದ ಮೇಜಿನಲ್ಲೇ ಕುಸಿದು ತೀರಿಕೊಂಡರು. ಮರುವರ್ಷ ಜಿಲ್ಲೆಯ ಚರಿತ್ರೆ ಬರೆಯುವ ಒಬ್ಬರು, ಅವರ ಕಾಗದಪತ್ರ ಕೊಟ್ಟರೆ ಒಂದು ಅಧ್ಯಾಯ ಬರೆಯುತ್ತೇನೆ ಎಂದು ಕೇಳಿದರು. ಮಿಸೆಸ್ ಡನ್ನಿಂಗರಿಗೆ ಕಣ್ಣು ಮಂಜಾಗಿತ್ತು. ಓದಿ ವಿಂಗಡಿಸಲು ನನ್ನನ್ನು ಕರೆದರು.

ಏಪ್ರಿಲಿನ ಒಂದು ಬೆಳಿಗ್ಗೆ ಓದುವ ಕೋಣೆಯ ನೆಲದ ಮೇಲೆ ಬಟ್ಟೆ ಹಾಸಿ ಕೂತೆವು. ಬಂದ ಕಾಗದಗಳನ್ನು ಪೆಲ್ ಮೂರು ಮಡಿಕೆ ಮಾಡಿ, ಬೆನ್ನಿನ ಮೇಲೆ ಯಾರದು, ಏನು, ಯಾವತ್ತು ಉತ್ತರ ಕೊಟ್ಟದ್ದು ಎಂದು ಬರೆದು, ಕಟ್ಟುಗಳಾಗಿ ಕಟ್ಟಿಟ್ಟಿದ್ದರು. ನಾನು ಬೆನ್ನು ಓದಬೇಕು. ಮಿಸೆಸ್ ಡನ್ನಿಂಗ್, “ಸ್ವಂತದ್ದು,” ಅಥವಾ “ವ್ಯವಹಾರ,” ಅಥವಾ “ಒಲೆಗೆ,” ಎನ್ನಬೇಕು. ಹನ್ನಾ ಒಲೆಯ ಪಾಲಿನದನ್ನು ಏಪ್ರನ್ನಿನಲ್ಲಿ ತುಂಬಿಕೊಂಡು ಅಡುಗೆಮನೆಗೆ ಒಯ್ಯಬೇಕು. ಕಾಣೆಯಾದವರನ್ನು ಹುಡುಕುವ ಕಾಗದಗಳೆಲ್ಲ ಒಲೆಗೆ. ಅಂಥ ಮೂರು ಕಟ್ಟು ಆಗಲೇ ಹೋಗಿದ್ದವು.

ನಾಲ್ಕನೆಯ ಕಟ್ಟಿನ ನಡುವಿನದನ್ನು ಓದಿದೆ. “ಮಿಸೆಸ್ ಬಾರ್ಬರಾ ಮ್ಯಾನ್ಸನ್, ಶೆಟ್ಲೆಂಡ್ ದ್ವೀಪ, ಸ್ಕಾಟ್ಲೆಂಡ್. ಮಗಳನ್ನು ಹುಡುಕುತ್ತಿದ್ದಾರೆ. ಉತ್ತರ 14 ಅಕ್ಟೋಬರ್ 1873. ಅಂಥವರು ಯಾರೂ ಇಲ್ಲ.”

“ಒಲೆಗೆ,” ಎಂದರು ಮಿಸೆಸ್ ಡನ್ನಿಂಗ್.

“ಇದು ನೆನಪಿದೆ ಅಮ್ಮಾವ್ರೇ. ಯಜಮಾನರು ಊಟದ ಹೊತ್ತಲ್ಲಿ ಕೇಳಿದ್ರು. ದೋಣಿ ಹೆಸರು ಇದ್ದ ಹಾಗಿದೆ ಅಂತ ನೀವು ಅಂದಿದ್ರಿ. ಏನದು, ಓಸ್ಲಾ.”

“ಹಾಂ?” ಎಂದಳು ಹನ್ನಾ.

ಬಾಗಿಲ ಬಳಿ ನಿಂತಿದ್ದಳು, ಏಪ್ರನ್ ತುಂಬ ಕಾಗದ. ಹಿಂದಿನಿಂದ ಯಾರೋ ಕರೆದರೆ ಓಗೊಡುತ್ತೇವಲ್ಲ, ಹಾಗೆ ಓಗೊಟ್ಟಿದ್ದಳು. ತಾನು ಓಗೊಟ್ಟದ್ದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಏಪ್ರನ್ನಿನ ತುದಿ ಕೈ ತಪ್ಪಿತು. ಕಾಗದವೆಲ್ಲ ನೆಲಕ್ಕೆ ಬಿತ್ತು.

“ಅದು ನನ್ನ ಹೆಸರು,” ಎಂದಳು.

ನಾನು ಮಡಿಕೆ ಬಿಚ್ಚಿದೆ. ಅವಳು ಬಂದು ನನ್ನ ಪಕ್ಕ ಮೊಣಕಾಲೂರಿ ಕೂತಳು. ಓದಿದೆ.

“ಮೇಯರ್ ಅವರಿಗೆ. ನಾನು ಓದು ಬರಹ ತಿಳಿಯದವಳು, ಇದನ್ನು ನಮ್ಮ ಪಾದ್ರಿಗಳು ಬರೆಯುತ್ತಿದ್ದಾರೆ. ನನ್ನ ಮಗಳು ಓಸ್ಲಾ ನಿಮ್ಮ ಊರಿನ ಒಳ್ಳೆಯ ಮನೆಯಲ್ಲಿದ್ದೇನೆ ಎಂದು ಬರೆಸಿದಳು. ಯಾವ ಮನೆ ಎಂದು ಬರೆಸಲಿಲ್ಲ. ನಾನು ಹಾಕಿದ ಕಾಗದ ಪಡೆಯುವವರಿಲ್ಲ ಎಂದು ಹಿಂದಕ್ಕೆ ಬಂತು. ಅವಳು ಎತ್ತರ. ಎಡ ಹುಬ್ಬಿನಲ್ಲಿ ಗಾಯವಿದೆ, ನಾಲ್ಕು ವರ್ಷದವಳಿದ್ದಾಗ ದೋಣಿಯ ಅಂಚು ತಗುಲಿದ್ದು. ಸಿಕ್ಕರೆ ಇಷ್ಟು ಹೇಳಿ. ಅವಳು ಹೊರಟ ದಿನ ನಾನು ದಡಕ್ಕೆ ಬರಲಿಲ್ಲ ಎಂದು ಅವಳು ತಿಳಿದಿದ್ದಾಳೆ. ಬಂದಿದ್ದೆ. ಮೀನು ಒಣಗಿಸುವ ಗೋಡೆಯ ಹಿಂದೆ ನಿಂತಿದ್ದೆ. ಹಡಗು ಕಣ್ಣಿಗೆ ಮರೆಯಾಗುವವರೆಗೂ ನಿಂತಿದ್ದೆ.”

ಮಿಸೆಸ್ ಡನ್ನಿಂಗ್ ಮಂಜುಗಣ್ಣಿನಿಂದ ಅವಳ ಹುಬ್ಬನ್ನು ನೋಡಿದರು. ಹದಿಮೂರು ವರ್ಷ ದಿನಕ್ಕೆ ಮೂರು ಹೊತ್ತು ತಟ್ಟೆ ಹಿಡಿದು ಬಗ್ಗಿದ ಮುಖ ಅದು.

“ಯಾಕೆ ಹೇಳಲಿಲ್ಲ ನೀನು?” ಎಂದರು. ಗದರಿದ್ದಲ್ಲ, ದನಿ ಒಡೆದಿತ್ತು. “ನನ್ನ ಹೆಸರು ಇದು ಅಂತ ಒಂದು ದಿನ ಹೇಳಬಾರದಿತ್ತಾ?”

“ನೀವು ಹನ್ನಾ ಅಂದ್ರಿ, ನಾನು ಓಗೊಟ್ಟೆ. ನಂದೂ ತಪ್ಪಿದೆ ಅಮ್ಮಾವ್ರೇ.”

ಅವಳು ನೇರ ಕಪಾಟಿನ ಬಳಿ ಹೋದಳು. ಓದು ಬರದಿದ್ದರೂ ನಕಲು ಪುಸ್ತಕಗಳು ಯಾವ ವರ್ಷದ್ದು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಎಲ್ಲವನ್ನೂ ಹೊತ್ತವಳು ಅವಳೇ. ತಂದು ನನ್ನ ಮುಂದಿಟ್ಟಳು. ಅಕ್ಟೋಬರ್ 14ರ ಕಾಗದ ನಾನೂರ ಹನ್ನೆರಡನೆಯ ಹಾಳೆಯಲ್ಲಿತ್ತು. ಅಕ್ಷರ ಸ್ಪಷ್ಟವಾಗಿ ಮೂಡಿತ್ತು, ಒಂದು ಚೂರೂ ಕಲಸಿರಲಿಲ್ಲ.

“ಓದು ಕೆಜಾಯಾ.”

“ಮಾನ್ಯರೇ, ನಿಮ್ಮ ಕಾಗದ ತಲುಪಿತು. ಶ್ರದ್ಧೆಯಿಂದ ವಿಚಾರಿಸಲಾಯಿತು. ಊರಿನ ವಿಳಾಸಗಳ ಪುಸ್ತಕದಲ್ಲಾಗಲಿ, ಚರ್ಚುಗಳಲ್ಲಾಗಲಿ ಆ ಹೆಸರಿನವರು ಯಾರೂ ಇಲ್ಲ ಎಂದು ತಿಳಿಸಲು ವಿಷಾದಿಸುತ್ತೇನೆ.” ಇಷ್ಟು ಪೆಲ್‌ರ ಕೈ. ಅದರ ಕೆಳಗೆ ಮೇಯರರ ಸ್ವಂತ ಓರೆ ಅಕ್ಷರ: “ನನ್ನ ಮನೆಯಲ್ಲಿಯೂ ನಾನೇ ಕೇಳಿದೆ. ಯಾರಿಗೂ ತಿಳಿಯದು. ದೇವರು ನಿಮ್ಮೊಂದಿಗಿರಲಿ.”

ಯಾರಿಗೂ ತಿಳಿಯದು ಎಂಬಲ್ಲಿ ನಾನಿದ್ದೆ. ಗಟ್ಟಿಯಾಗಿ ಓದುವಾಗ ಅದು ನನ್ನದೇ ದನಿಯಲ್ಲಿ ನನಗೆ ಕೇಳಿಸಿತು.

ಅವಳು ಆ ಹಾಳೆಯ ಮೇಲೆ ಅಂಗೈ ಇಟ್ಟಳು, ಚಕ್ರದ ಮೇಲೆ ಇಡುತ್ತಿದ್ದ ಹಾಗೆ. “ಇದನ್ನ ಒತ್ತಿದ್ದು ನಾನು. ಅಂಚೆಗೆ ಹಾಕಿದ್ದೂ ನಾನು. ಅಮ್ಮನ ಕಾಗದಾನ ತಟ್ಟೇಲಿಟ್ಟು ಒಳಗೆ ತಂದ್ಕೊಟ್ಟವಳೂ ನಾನೇ ಇರಬೇಕಲ್ವಾ? ರಾಣಿ ಮುಖದ ಚೀಟಿ ಇತ್ತೇನೋ. ನೋಡಿದ್ದೆನೇನೋ.”

ಆ ದಿನವೇ ಕಾಗದ ಬರೆದೆವು. ತಾಯಿಗೊಂದು, ಪಾದ್ರಿಗಳಿಗೊಂದು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. “ಅಮ್ಮ, ನಾನು ಇಲ್ಲೇ ಇದ್ದೆ. ಗೋಡೆ ಹಿಂದೆ ನಿಂತಿದ್ದು ಈಗ ಗೊತ್ತಾಯ್ತು. ಬರೋಕೆ ಹೇಳಿದ್ರೆ ಬರ್ತೀನಿ.” ಈ ಸಲ ಮನೆಯ ವಿಳಾಸ ಹಾಕಿದೆವು. ಅಂಚೆಮನೆಗೆ ಮಿಸೆಸ್ ಡನ್ನಿಂಗ್ ತಾವೇ ಕೋಲೂರಿಕೊಂಡು ನಮ್ಮ ಜೊತೆ ಬಂದರು. ಓಸ್ಲಾ ಮ್ಯಾನ್ಸನ್ ಹೆಸರಿಗೆ ಕಾಗದ ಬಂದರೆ ಅದು ನಮ್ಮ ಮನೆಯದು ಎಂದು ಅಂಚೆಯವರಿಗೆ ಎರಡು ಸಲ ಹೇಳಿದರು.

ಮೇ, ಜೂನ್, ಜುಲೈ. ಹೊರಡಬೇಕಾದರೆ ಬೇಕಾಗುತ್ತದೆ ಎಂದು ನಾನು ಅವಳಿಗೆ ದಪ್ಪ ಉಣ್ಣೆಯ ಉಡುಪೊಂದನ್ನು ಕತ್ತರಿಸಿ ಹೊಲಿಯಲು ಶುರುಮಾಡಿದೆ. ಅಡುಗೆಯವಳು, “ಆಗಸ್ಟಲ್ಲಿ ಉಣ್ಣೆ ಹೊಲೀತಾರೆ, ಇಬ್ಬರಿಗೂ ಬಿಸಿಲು ತಲೆಗೇರಿದೆ,” ಎಂದು ಆಡಿಕೊಂಡಳು. ಓಸ್ಲಾ ನಕ್ಕಳು. ಅಮ್ಮ ಮಾಡುತ್ತಿದ್ದ ಓಟ್ಸ್ ರೊಟ್ಟಿ, ಬೆಂಕಿಯ ಹೊಗೆಯಲ್ಲಿ ಒಣಗಿಸಿದ ಕುರಿಮಾಂಸ, ಮಳೆಗೆ ತೂತಾದ ಸೂರು, ಹದಿಮೂರು ವರ್ಷದಲ್ಲಿ ಆಡದ ಮಾತನ್ನೆಲ್ಲ ಆ ನಾಲ್ಕು ತಿಂಗಳಲ್ಲಿ ಆಡಿದಳು. ನಾನು ಕೇಳುತ್ತಾ ಹೊಲಿದೆ. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಲಿಲ್ಲ.

ಉತ್ತರ ಬಂದದ್ದು ಆಗಸ್ಟ್ ಕೊನೆಯಲ್ಲಿ, ಪಾದ್ರಿಗಳ ಕೈಬರಹದಲ್ಲಿ. ಮೇಲೆ ಅವಳ ಹೆಸರಿತ್ತು. ಅಂಚೆಯವನು ಅದನ್ನು ಓದಿ ಕರೆದ. ಅವಳು ಓಡಿಬಂದು ತೆಗೆದುಕೊಂಡಳು. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ನಾನು ಓದಿದೆ.

“ಬಾರ್ಬರಾ ಮ್ಯಾನ್ಸನ್ ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ತಮ್ಮ ಹಾಸಿಗೆಯಲ್ಲೇ ತೀರಿಕೊಂಡರು. ಕೊನೆಯವರೆಗೂ ಬುದ್ಧಿ ಚೆನ್ನಾಗಿತ್ತು. ಮೇಯರರ ಕಾಗದವನ್ನು ಬೈಬಲಿನೊಳಗೆ ಇಟ್ಟಿದ್ದರು. ವರ್ಷಕ್ಕೊಮ್ಮೆ, ಮಗಳು ಹುಟ್ಟಿದ ದಿನ, ಅದನ್ನು ನನ್ನ ಬಳಿ ತಂದು ಓದಿಸುತ್ತಿದ್ದರು. ಅಷ್ಟು ದೊಡ್ಡ ಮನುಷ್ಯ ನನ್ನ ಮಗಳಿಗಾಗಿ ತನ್ನ ಸ್ವಂತ ಮನೆಯಲ್ಲೂ ಕೇಳಿದನಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದರು. ಪ್ರತಿ ಸಂಜೆ ಪ್ರಾರ್ಥನೆಯಲ್ಲಿ ಆ ಮೇಯರರನ್ನು, ಅವರ ಹೆಂಡತಿ ಮಕ್ಕಳನ್ನು, ಆ ಸೂರಿನ ಕೆಳಗೆ ದುಡಿಯುವ ಎಲ್ಲರನ್ನೂ ನೆನೆಯುತ್ತಿದ್ದರು. ದುಡಿಯುವವರು ಯಾಕೆ ಎಂದು ನಾನು ಒಮ್ಮೆ ಕೇಳಿದೆ. ನನ್ನ ಮಗಳೂ ಬದುಕಿದ್ದರೆ ಅಂಥದೇ ಯಾವುದೋ ಮನೆಯಲ್ಲಿ ದುಡಿಯುತ್ತಿರುತ್ತಾಳೆ, ಅವಳಿಗಾಗಿಯೂ ಯಾರಾದರೂ ಪ್ರಾರ್ಥಿಸಲಿ ಎಂದರು.”

ಜೊತೆಗೆ ಮೇಯರರ ಕಾಗದವನ್ನೂ ಇಟ್ಟಿದ್ದರು. ನಕಲು ತೆಗೆದ ಕಾಗದದ ಶಾಯಿ ಯಾವಾಗಲೂ ಸ್ವಲ್ಪ ತೆಳು. ಅದರ ಮೇಲೆ ಬೆರಳು ಆಡಿಸಿ ಆಡಿಸಿ ಮಡಿಕೆಗಳು ತೂತಾಗಿದ್ದವು.

ನನಗೆ ತಿಳಿದ ಒಂದೇ ಸಮಾಧಾನ ಹೇಳಿದೆ. “ಆ ಸೂರಿನ ಕೆಳಗೆ ದುಡಿಯುವವಳು ನೀನೇ ಅಲ್ವಾ ಓಸ್ಲಾ. ಅಮ್ಮನ ಪ್ರಾರ್ಥನೆ ನಿನಗೇ ಮುಟ್ಟಿದೆ.”

“ಮುಟ್ಟಿರಬಹುದು,” ಎಂದಳು. “ಆದ್ರೆ ಅವಳಿಗೆ ಗೊತ್ತಾಗಲಿಲ್ಲವಲ್ಲ.”

 

ಅವಳು ಒಳಗೆ ಹೋಗಿ ಪಾತ್ರೆ ತೊಳೆದಳು. ಸಂಜೆಗೆ ಮುಂಚೆ ಮಿಸೆಸ್ ಡನ್ನಿಂಗರ ಬಳಿ ಬಂದು, ಆ ಹಾಳೆ ತನಗೆ ಬೇಕು ಎಂದು ಕೇಳಿದಳು. ಅಲ್ಲಿಯವರೆಗೆ ಆ ಮನೆಯಲ್ಲಿ ಅವಳು ಏನನ್ನೂ ಕೇಳಿದವಳಲ್ಲ. ಪುಸ್ತಕಗಳು ಪೂರ್ತಿಯಾಗಿ ಚರಿತ್ರೆ ಬರೆಯುವವರಿಗೆ ಹೋಗಬೇಕಾಗಿತ್ತು. ಮಿಸೆಸ್ ಡನ್ನಿಂಗ್ ನನ್ನ ಕತ್ತರಿ ಕೇಳಿ ತೆಗೆದುಕೊಂಡು, ಎಲ್ಲಿ ಎಂದು ನನ್ನ ಬೆರಳಿನಿಂದ ತೋರಿಸಿಕೊಂಡು, ತಾವೇ ಕತ್ತರಿಸಿಕೊಟ್ಟರು. ನಾನೂರ ಹನ್ನೊಂದಾದ ಮೇಲೆ ನಾನೂರ ಹದಿಮೂರು ಬರುತ್ತದಲ್ಲ, ನಡುವೆ ಏನಿತ್ತು ಎಂದು ಆ ಚರಿತ್ರೆಯವರು ಆಮೇಲೆ ಕೇಳಿದರಂತೆ.

“ಸ್ವಂತದ್ದು,” ಎಂದರಂತೆ ಮಿಸೆಸ್ ಡನ್ನಿಂಗ್.

ಓಸ್ಲಾ ಕಿಟಕಿಯ ಗಾಜಿನ ಮೇಲೆ ತೆಳು ಹಾಳೆಯನ್ನು ಇಟ್ಟು, ಅದರ ಹಿಂದೆ ಅಮ್ಮನ ಬೈಬಲಿನಿಂದ ಬಂದ ಕಾಗದವನ್ನು ಇಟ್ಟಳು. ಸಾಲಿಗೆ ಸಾಲು ಕೂತಿತು. ಒಂಬತ್ತು ವರ್ಷದ ಹಿಂದೆ ಅವಳ ಕೈಕೆಳಗೆ ಒಂದು ಪ್ರಾರ್ಥನೆಯಷ್ಟು ಹೊತ್ತು ಒಟ್ಟಿಗೆ ಇದ್ದು ಬೇರೆಯಾದವು ಅವು. ಎರಡನ್ನೂ ಸೇರಿಸಿ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಊರಿಗೆ ಹೋಗುವ ಮಾತು ಮತ್ತೆ ಎತ್ತಲಿಲ್ಲ. ಉಣ್ಣೆಯ ಉಡುಪನ್ನು ಚಳಿಗಾಲದಲ್ಲಿ ಚರ್ಚಿಗೆ ಹಾಕಿಕೊಂಡಳು.

ಏಪ್ರನ್ನುಗಳ ಮೂಲೆಯ ಕೆಂಪು ಅಕ್ಷರವನ್ನು ನಾನು ಬಿಚ್ಚಿ ಅವಳದನ್ನು ಹೊಲಿದೆ. ಹಳೆಯ ಸೂಜಿಯ ತೂತುಗಳು ಎಷ್ಟು ಒಗೆದರೂ ಮುಚ್ಚಲಿಲ್ಲ. ಮಿಸೆಸ್ ಡನ್ನಿಂಗ್ ಕಷ್ಟಪಟ್ಟು ಓಸ್ಲಾ ಎಂದು ಕರೆಯುತ್ತಿದ್ದರು, ಮರೆತಾಗ ಹನ್ನಾ ಎಂದುಬಿಟ್ಟು ತುಟಿ ಕಚ್ಚಿಕೊಳ್ಳುತ್ತಿದ್ದರು. ಅವಳು ಎರಡಕ್ಕೂ ಓಗೊಡುತ್ತಿದ್ದಳು. ಕಾಗದ ಒತ್ತುವ ಯಂತ್ರವನ್ನು ಮರದ ಕಂಪನಿಯವರು ಬಂಡಿಯಲ್ಲಿ ಒಯ್ದ ದಿನ ಹಿತ್ತಲಿಗೆ ಹೋಗಿ ನಿಂತಿದ್ದಳು.

1889ರ ಮಾರ್ಚಿನಲ್ಲಿ ಅವಳಿಗೆ ಶ್ವಾಸಕೋಶದ ಜ್ವರ ಬಂತು. ಆರನೆಯ ದಿನ ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತಿದ್ದೆ. ಮಾತು ನಿಂತಿತ್ತು. ಕಿಟಕಿಯಿಂದ ನದಿಯ ಹಿಮ ಒಡೆಯುವ ಸದ್ದು ಬರುತ್ತಿತ್ತು. ನಾನು ಕರ್ತನು ಕಲಿಸಿದ ಪ್ರಾರ್ಥನೆಯನ್ನು ಅವಳಿಗೆ ಕೇಳುವ ಹಾಗೆ, ನಿಧಾನವಾಗಿ, ಶಾಯಿ ಹಿಡಿಯುವಷ್ಟು ನಿಧಾನವಾಗಿ ಹೇಳಿದೆ. ಅವಳ ಎರಡೂ ಕೈ ಹೊದಿಕೆಯ ಮೇಲೆ ಒತ್ತಿಕೊಂಡಿದ್ದವು. ನಾನು ಆಮೆನ್ ಎಂದಾಗ ಆ ಕೈಗಳು ಎಡಕ್ಕೆ ಒಂದಿಷ್ಟು ತಿರುಗಿದವು, ಚಕ್ರ ಸಡಿಲಿಸುವಾಗ ತಿರುಗುತ್ತಿದ್ದ ಹಾಗೆ. ಆಮೇಲೆ ಮಗ್ಗುಲಿಗೆ ಜಾರಿ ತೆರೆದುಕೊಂಡವು.